ಆಟಕ್ಕೊಬ್ಬ ನಕ್ಷತ್ರಿಕ

ಆಷಾಢದಲ್ಲಿ ನಮ್ಮ ಹೊಸಬಾಳೆಯಲ್ಲಿ ಎರಡೇ ಸುದ್ದಿ: ಮಳೆ ಬಂತು, ಕರೆಂಟು ಹೋಯಿತು. ಮೂರನೆಯದೂ ಒಂದಿದೆ, ಅಡಿಕೆಗೆ ಕೊಳೆ ಬಂತು ಎಂಬುದು. ಅದನ್ನು ಯಾರೂ ಗಟ್ಟಿಯಾಗಿ ಆಡುವುದಿಲ್ಲ. ಆಡಿದರೆ ಬಂದೇಬಿಟ್ಟೀತು ಎಂಬ ಹೆದರಿಕೆ.

ಇಂಥ ಒಂದು ಆಷಾಢದಲ್ಲಿ ಬೆಂಗಳೂರಿನಿಂದ ತಮ್ಮನ ಮಗ ಬಂದಿಳಿದ. ಜೊತೆಗೆ ಒಂದು ಲ್ಯಾಪ್‌ಟಾಪು, ಎರಡು ಮೊಬೈಲು, ಬಿಡಿಸಲಾಗದ ವೈರುಗಳ ಒಂದು ಗಂಟು. ಮನೆಯಿಂದಲೇ ಕೆಲಸವಂತೆ. ನಿನ್ನ ಮನೆ ಬೆಂಗಳೂರಿನಲ್ಲಲ್ಲವೇ ಎಂದು ನಾನು ಕೇಳಲಿಲ್ಲ. ನೆಟ್‌ವರ್ಕು ಸಿಗುವುದು ನಮ್ಮ ಅಟ್ಟದ ಒಂದೇ ಒಂದು ಕಿಟಕಿಯಲ್ಲಿ. ಅಲ್ಲಿ ಹಳೆಯ ತೊಟ್ಟಿಲು, ಒಡೆದ ಕಡಾಯಿ, ಹೋದ ವರ್ಷದ ದೋಟಿಯ ಕತ್ತಿ ಇವುಗಳ ನಡುವೆ ಜಾಗ ಮಾಡಿಕೊಂಡು ಅವನು ಕಚೇರಿ ಹೂಡಿದ. ಸಂಜೆ ಆರಕ್ಕೆ ಕಚೇರಿ ಮುಗಿಸುತ್ತಿದ್ದ. ಕಿಟಕಿ ಮಾತ್ರ ಬಿಡುತ್ತಿರಲಿಲ್ಲ.

ಒಂದು ರಾತ್ರಿ ಊಟಕ್ಕೆ ಇಳಿದು ಬಂದವನ ಮುಖ ಬಾಡಿತ್ತು. ನನ್ನಾಕೆ ಸಾರು ಬಡಿಸುತ್ತ ವಿಚಾರಿಸಿದಳು.

"ಏನಿಲ್ಲ ದೊಡ್ಡಮ್ಮ, ಒಂದು ಗೇಮ್ ಆಡ್ತಿದ್ದೆ. ತುಂಬ ಬೇಜಾರಾಯ್ತು."

"ಸೋತ್ಯಾ?"

"ಇಲ್ಲ, ಗೆದ್ದೆ. ಅದಕ್ಕೇ ಬೇಜಾರು."

ನನಗೆ ತಡೆಯಲಾಗಲಿಲ್ಲ. "ಆಟ ಅಂದ್ಮೇಲೆ ಮಜಾ ಇರ್ಬೇಕು ಮಾರಾಯ. ಬೇಜಾರೇ ಬೇಕಿದ್ರೆ ತೋಟಕ್ಕೆ ಬಾ. ಕೊಳೆ ಔಷಧಿ ಹೊಡೆಯೋಕೆ ಜನ ಸಿಗದೆ ಕೂತಿದೀನಿ."

ನನ್ನಾಕೆ ಸೌಟು ನಿಲ್ಲಿಸಿದಳು. "ಹೋದ ವರ್ಷ ಹರಿಶ್ಚಂದ್ರನ ಆಟ ನೋಡ್ಕೊಂಡು ಬಂದು ಬೆಳಿಗ್ಗೆ ತಿಂಡಿ ಬಿಟ್ಟು ಕೂತವರು ಯಾರು?"

ನಾನು ಅನ್ನ ಕಲಸತೊಡಗಿದೆ. ಮೂವತ್ತೆಂಟು ವರ್ಷ ಸರ್ಕಾರಿ ಗುಮಾಸ್ತನಾಗಿದ್ದವನಿಗೆ ಯಾವ ಪ್ರಶ್ನೆಗೆ ಉತ್ತರ ಕೊಡಬಾರದು ಎಂಬುದು ಗೊತ್ತಿರುತ್ತದೆ. ಆದರೆ ಆ ಪ್ರಶ್ನೆ ರಾತ್ರಿಯಿಡೀ ಹಂಚಿನ ಮೇಲಿನ ಮಳೆಯ ಜೊತೆ ತಲೆಯಲ್ಲಿ ಕುಟ್ಟುತ್ತಲೇ ಇತ್ತು.

ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಆಟ ಎಂದರೆ ಯಕ್ಷಗಾನ. 'ಇವತ್ತು ಆಟ ಇದೆ' ಎಂದರೆ ಸೊರಬ ಸೀಮೆಯಲ್ಲಿ ಯಾರೂ ಕ್ರಿಕೆಟ್ಟು ಎಂದುಕೊಳ್ಳುವುದಿಲ್ಲ, ಕಂಬಳಿ ಹುಡುಕುತ್ತಾರೆ. ವೇಷ ಕಟ್ಟದೆ ಕೂತು ಅರ್ಥ ಹೇಳಿದರೆ ಅದು ಕೂಟ. ಮೇಳದವರು ಊರೂರು ಸುತ್ತಿದರೆ ತಿರುಗಾಟ. ಆಟದ ಈ ಬಾಲ ಕನ್ನಡದಲ್ಲಿ ಇನ್ನೆಲ್ಲಿ ಅಂಟಿಕೊಂಡಿದೆ ಎಂದು ನಿದ್ದೆ ಬಾರದ ಆ ರಾತ್ರಿ ಎಣಿಸತೊಡಗಿದೆ. ಪರದಾಟ. ಪೇಚಾಟ. ನರಳಾಟ. ಗೋಳಾಟ. ಹೆಣಗಾಟ, ಒದ್ದಾಟ, ತಾಕಲಾಟ, ಪೀಕಲಾಟ, ಕಾದಾಟ. ಮಜಾ ಇರುವ ಆಟ ಯಾವುದಾದರೂ ಇದೆಯೇ ಎಂದು ಹುಡುಕಿದರೆ ಹುಡುಗಾಟ ಸಿಕ್ಕಿತು. ಅದನ್ನೂ ಕನ್ನಡಿಗರು ಬಳಸುವುದು ಬೈಯುವಾಗಲೇ. ಮಾರಾಟ ಎಂಬುದನ್ನು ಎಲ್ಲಿ ಸೇರಿಸಬೇಕೆಂದು ತಿಳಿಯಲಿಲ್ಲ, ಅದು ಅಡಿಕೆಯ ಧಾರಣೆಯ ಮೇಲೆ ಹೋಗುತ್ತದೆ.

ಇನ್ನು ಮಜಾ. ಅದು ಪಾರ್ಸಿಯ ಕಡೆಯಿಂದ ಬಂದದ್ದು, ಮೂಲದಲ್ಲಿ ರುಚಿ ಎಂದರ್ಥ. ಮೋಜು ಎಂಬುದರ ಬೇರು ಅರಬ್ಬಿಯಲ್ಲಿ, ಅಲ್ಲಿ ಅದು ಸಮುದ್ರದ ಅಲೆ. ಖುಷಿಯೂ ಪಾರ್ಸಿಯೇ. ಕನ್ನಡಿಗರು ಇವರೆಲ್ಲ ಬರುವತನಕ ನಗದೆ ಕೂತಿದ್ದರು ಎಂದು ನಾನು ಹೇಳುತ್ತಿಲ್ಲ. ಹಿಗ್ಗು, ನಲಿವು ನಮ್ಮವೇ. ಆದರೆ ಹಿಗ್ಗು ತಾನಾಗಿ ಬರಬೇಕು. ಟಿಕೆಟ್ಟು ತೆಗೆದುಕೊಂಡು ಕೂತು 'ಎಲ್ಲಿ ನನ್ನ ಹಿಗ್ಗು?' ಎಂದು ಯಾರೂ ಕೇಳುವುದಿಲ್ಲ.

ದೀಪಾವಳಿ ಕಳೆದ ಮೇಲೆ ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಹೋರಿ ಹಬ್ಬ ನಡೆಯುತ್ತದೆ. ಕೊಬ್ಬರಿ ಸರ ಕಟ್ಟಿ, ಬಲೂನು ಸಿಕ್ಕಿಸಿ, ಸಿಂಗರಿಸಿದ ಹೋರಿಯನ್ನು ಜನರ ನಡುವೆ ಓಡಿಸುತ್ತಾರೆ. ಹುಡುಗರು ಎದುರು ಬಿದ್ದು ಕೊಬ್ಬರಿ ಹರಿಯಲು ನುಗ್ಗುತ್ತಾರೆ. ಗಾಯವಾಗುತ್ತದೆ, ಕೆಲವು ವರ್ಷ ಜೀವವೂ ಹೋಗಿದೆ. ಪಕ್ಕೆಲುಬು ಮುರಿದುಕೊಂಡು ಮಲಗಿದವನ ಹತ್ತಿರ ಮಜಾ ಬಂತೇ ಎಂದು ಕೇಳಿ ನೋಡಿ. ಅವನು ಕೊಬ್ಬರಿ ತೋರಿಸುತ್ತಾನೆ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ವಿಷಯವೂ ಆ ರಾತ್ರಿ ನೆನಪಾಯಿತು. ಚದುರಂಗದಲ್ಲಿ ಕುದುರೆಯನ್ನು ಎಲ್ಲ ಮನೆಗೂ ಒಂದೊಂದೇ ಸಲ ನಡೆಸುವ ಲೆಕ್ಕಗಳಲ್ಲಿ ಮುಳುಗಿದವರು, ಹೊಸ ಹೊಸ ಪಟದಾಟಗಳನ್ನು ಹೊಸೆದವರು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆ ಆಟಗಳ ಚಿತ್ರಗಳಿವೆ. ದೊರೆಗೆ ಅಷ್ಟು ಪುರುಸೊತ್ತು ಹೇಗೆ ಸಿಕ್ಕಿತು ಎನ್ನುತ್ತೀರಾ? ಅದಕ್ಕೆ ನಮ್ಮ ಕಡೆಯವರ ಕೊಡುಗೆಯೂ ಇದೆ. 1830ರಲ್ಲಿ ನಗರ ಸೀಮೆಯ ರೈತರು ಕಂದಾಯದ ಕಾಟ ತಾಳಲಾರದೆ ದಂಗೆ ಎದ್ದರು. ಅದನ್ನೇ ನೆಪ ಮಾಡಿಕೊಂಡು 1831ರಲ್ಲಿ ಕಂಪನಿಯವರು ಆಡಳಿತವನ್ನು ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೆ ಅವರಿಗೆ ಅದು ಮರಳಿ ಸಿಗಲಿಲ್ಲ. ನಿಜವಾದ ಕುದುರೆ, ಆನೆ, ಮಂತ್ರಿ ಕೈತಪ್ಪಿದ ಮೇಲೆ ಮರದವನ್ನು ನಡೆಸಿದ ಆ ದೊರೆಯ ಆಟವನ್ನು ಬರೀ ಮೋಜು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಮರುದಿನ ಭಾನುವಾರ. ಹುಡುಗ ನನ್ನನ್ನು ಅಟ್ಟಕ್ಕೆ ಕರೆದ. ದೊಡ್ಡಪ್ಪನಿಗೆ ಮಜಾ ಇಲ್ಲದ ಆಟಗಳ ಪ್ರದರ್ಶನ.

ಮೊದಲನೆಯದು ಒಂದು ಬಸ್ಸಿನ ಆಟ. 1995ರ ಸುಮಾರಿಗೆ ಅಮೆರಿಕದ ಪೆನ್ ಮತ್ತು ಟೆಲ್ಲರ್ ಎಂಬ ಜಾದೂಗಾರ ಜೋಡಿ ಮಾಡಿಸಿದ್ದು. ವಿಡಿಯೊ ಗೇಮುಗಳಲ್ಲಿ ಬರೀ ಹೊಡೆದಾಟ ಎಂದು ದೂರುವವರನ್ನು ಛೇಡಿಸಲು ಅವರು ಏನೂ ಆಗದ ಆಟ ಮಾಡಿದರು. ಟೂಸಾನ್ ಎಂಬ ಊರಿನಿಂದ ಲಾಸ್ ವೇಗಸ್ಸಿಗೆ ಮರುಭೂಮಿಯಲ್ಲಿ ಖಾಲಿ ಬಸ್ಸು ಓಡಿಸಬೇಕು. ಗಂಟೆಗೆ ಎಪ್ಪತ್ತೆರಡು ಕಿಲೋಮೀಟರಿಗಿಂತ ಜೋರು ಹೋಗುವಂತಿಲ್ಲ. ಬಸ್ಸು ಸದಾ ಬಲಕ್ಕೆ ಎಳೆಯುತ್ತದೆ, ಹಾಗಾಗಿ ಕೈ ಬಿಡುವಂತಿಲ್ಲ. ನಡುವೆ ನಿಲ್ಲಿಸುವಂತಿಲ್ಲ. ಎಂಟು ಗಂಟೆ ಓಡಿಸಿದರೆ ಒಂದು ಅಂಕ! ಆಮೇಲೆ ವಾಪಸು ಓಡಿಸಬೇಕು. ತಯಾರಿಸಿದ ಕಂಪನಿ ಮುಚ್ಚಿಹೋಗಿ ಅದು ಅಂಗಡಿಗೆ ಬರಲೇ ಇಲ್ಲ. ಆದರೆ 2007ರಿಂದ ಕೆನಡಾದ ಒಂದು ಹಾಸ್ಯ ತಂಡ ವರ್ಷಕ್ಕೊಮ್ಮೆ ಸರದಿಯ ಮೇಲೆ ಕೂತು ಈ ಬಸ್ಸು ಓಡಿಸುತ್ತದೆ, ನೋಡುವವರಿಂದ ದುಡ್ಡು ಕೂಡಿಸಿ ಆಸ್ಪತ್ರೆಯಲ್ಲಿರುವ ಮಕ್ಕಳಿಗಾಗಿ ಕೊಡುತ್ತದೆ. ನಾನು ಸೊರಬದಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಎಷ್ಟು ಸಲ ಹೋಗಿದ್ದೇನೆ ಎಂದು ಲೆಕ್ಕ ಹಾಕಿದೆ. ಒಂದೂ ಅಂಕ ಬಂದಿಲ್ಲ.

ಬಸ್ಸಿನ ಇನ್ನೊಂದು ಆಟ ಇಂಡೊನೇಷ್ಯಾದವರದು, 2017ರದ್ದು. ಅದರ ಬಸ್ಸಿಗೆ ನಮ್ಮ ಹುಡುಗರು ಕೆಎಸ್‌ಆರ್‌ಟಿಸಿಯ ಬಣ್ಣ ಬಳಿದು ಓಡಿಸುತ್ತಾರೆ. ಅಲ್ಲಿಯ ರಸ್ತೆಗೆ ಹೊಂಡಗಳು ಸಾಲವು ಎಂಬುದು ನನ್ನ ಅಭಿಪ್ರಾಯ. ಸ್ವಿಟ್ಜರ್ಲೆಂಡಿನವರು 2008ರಲ್ಲಿ ಶುರು ಮಾಡಿದ ಬೇಸಾಯದ ಆಟವನ್ನೂ ತೋರಿಸಿದ. ಟ್ರ್ಯಾಕ್ಟರು ಹತ್ತಿ ಉಳುವುದು, ಬಿತ್ತುವುದು, ಕೊಯ್ಯುವುದು, ಮಾರುವುದು. ಬೆಂಗಳೂರಿನಲ್ಲಿ ಅವನ ಸ್ನೇಹಿತನೊಬ್ಬ ಕೆಲಸ ಮುಗಿಸಿ ಬಂದು ದಿನಾ ಎರಡು ಗಂಟೆ ಉಳುತ್ತಾನಂತೆ. ಅವನ ಅಪ್ಪನ ಗದ್ದೆ ಶಿರಾಳಕೊಪ್ಪದ ಹತ್ತಿರ ಬೀಳು ಬಿದ್ದಿದೆ. ಇದನ್ನು ಹೇಳುವಾಗ ಹುಡುಗನಿಗೆ ನಗು ಬರಲಿಲ್ಲ, ನನಗೂ ಬರಲಿಲ್ಲ.

ಅದರ ನಂತರದ್ದು ಯುದ್ಧದ ಆಟ, ಆದರೆ ಸೈನಿಕರದ್ದಲ್ಲ. ಪೋಲೆಂಡಿನವರು 2014ರಲ್ಲಿ ಮಾಡಿದ್ದು. ಮುತ್ತಿಗೆಗೆ ಸಿಕ್ಕಿದ ಊರಿನ ಮುರುಕು ಮನೆಯಲ್ಲಿ ಕೆಲವು ಸಾಮಾನ್ಯ ಜನ. ಹಸಿವು, ಚಳಿ, ಔಷಧಿ ಇಲ್ಲ. ಬದುಕಬೇಕಾದರೆ ರಾತ್ರಿ ಹೋಗಿ ಹುಡುಕಿ ತರಬೇಕು, ಕೆಲವೊಮ್ಮೆ ಇನ್ನೊಂದು ಮನೆಯ ಮುದುಕರದ್ದನ್ನು ಕದ್ದು. 2020ರಲ್ಲಿ ಅಲ್ಲಿನ ಸರ್ಕಾರ ಇದನ್ನು ಶಾಲಾ ಮಕ್ಕಳ ಓದಿನ ಪಟ್ಟಿಗೆ ಸೇರಿಸುವುದಾಗಿ ಹೇಳಿತು. ಪಠ್ಯವಾದ ಮೇಲೆ ಉಳಿದಿದ್ದ ಮಜಾವೂ ಹೋಗಿರಬೇಕು.

ಕಡೆಯದು, ಹಿಂದಿನ ರಾತ್ರಿ ಅವನ ಊಟ ಕೆಡಿಸಿದ್ದು. ಹೆಸರು 'ಪೇಪರ್ಸ್, ಪ್ಲೀಸ್'. ಲ್ಯೂಕಸ್ ಪೋಪ್ ಎಂಬ ಅಮೆರಿಕದವನು ಹೆಚ್ಚುಕಡಿಮೆ ಒಬ್ಬನೇ ಕೂತು ಮಾಡಿ 2013ರಲ್ಲಿ ಹೊರತಂದದ್ದು. ಆರ್ಸ್ಟೋಟ್ಸ್ಕಾ ಎಂಬ ಇಲ್ಲದ ದೇಶದ ಗಡಿ. ನೀವು ಅಲ್ಲಿ ಪಾಸ್‌ಪೋರ್ಟು ನೋಡುವ ಗುಮಾಸ್ತ. ಬಂದವರ ಕಾಗದ ಪರಿಶೀಲಿಸಬೇಕು, ಸರಿಯಿದ್ದರೆ ಹಸಿರು ಸೀಲು, ಇಲ್ಲದಿದ್ದರೆ ಕೆಂಪು. ಅಷ್ಟೇ ಆಟ.

"ಇದನ್ನ ಆಟ ಅಂತ ಮಾರ್ತಾರಾ?" ಎಂದೆ. "ನಾನು ಸಂಬಳ ತಗೊಂಡು ಮಾಡಿದ ಕೆಲಸ ಇದು!"

"ಅದಕ್ಕೇ ದೊಡ್ಡಪ್ಪ, ನೀವು ಆಡಿ ನೋಡಿ."

ಆಟದಲ್ಲಿ ಅದು 1982ರ ನವೆಂಬರು. ನಾನು ನೌಕರಿಗೆ ಸೇರಿದ ವರ್ಷವೂ ಅದೇ. ಶಕುನ ಎನ್ನಿ. ಸರಿಯಾಗಿ ನೋಡಿ ಕಳಿಸಿದ ತಲೆಯೊಂದಕ್ಕೆ ಐದು ದುಡ್ಡು. ದಿನದ ಮೊದಲ ಎರಡು ತಪ್ಪಿಗೆ ನೋಟೀಸು, ಮೂರನೆಯದರಿಂದ ದಂಡ. ಸಂಜೆ ಆ ದುಡ್ಡಿನಲ್ಲೇ ಬಾಡಿಗೆ, ಊಟ, ಚಳಿಗೆ ಬೆಂಕಿ. ಮನೆಯಲ್ಲಿ ಹೆಂಡತಿ, ಮಗ, ಅತ್ತೆ, ಚಿಕ್ಕಪ್ಪ. ದಿನಾ ಬೆಳಿಗ್ಗೆ ಹೊಸ ಸುತ್ತೋಲೆ, ನಿನ್ನೆಯ ನಿಯಮ ಇಂದು ಇಲ್ಲ. ಆಹಾ, ಈ ಲ್ಯೂಕಸ್ ಪೋಪ್ ನಮ್ಮ ಇಲಾಖೆಯಲ್ಲೇ ಎಲ್ಲೋ ಕೆಲಸ ಮಾಡಿರಬೇಕು ಎನ್ನಿಸಿತು. ಎರಡು ದಿನದಲ್ಲಿ ನನ್ನ ಕೈ ಪಳಗಿತು. ಜನ್ಮದಿನಾಂಕ ತಾಳೆ ಇಲ್ಲ, ಕೆಂಪು. ಅವಧಿ ಮುಗಿದಿದೆ, ಕೆಂಪು. ಹುಡುಗ ಬೆರಗಾಗಿ ನೋಡುತ್ತಿದ್ದ. "ದೊಡ್ಡಪ್ಪ, ನೀವು ಒಂದೂ ನೋಟೀಸು ತಗೊಂಡಿಲ್ಲ!" ನಿವೃತ್ತಿಯ ದಿನದ ಬೀಳ್ಕೊಡುಗೆ ಭಾಷಣದಲ್ಲೂ ನನ್ನನ್ನು ಯಾರೂ ಇಷ್ಟು ಹೊಗಳಿರಲಿಲ್ಲ.

ಆಮೇಲೆ ಒಬ್ಬ ಗಂಡಸು ಬಂದ. ಕಾಗದ ಸರಿಯಿತ್ತು. ಹಸಿರು. ಹಿಂದೆ ನನ್ನ ಹೆಂಡತಿ ಬರುತ್ತಿದ್ದಾಳೆ, ದಯವಿಟ್ಟು ನೋಡಿಕೊಳ್ಳಿ ಎಂದ. ಹೆಂಡತಿ ಬಂದಳು. ಪಾಸ್‌ಪೋರ್ಟು ಇದೆ, ಪ್ರವೇಶದ ಪರವಾನಗಿ ಇಲ್ಲ. ವಾಪಸು ಕಳಿಸಿದರೆ ನನ್ನನ್ನು ಕೊಲ್ಲುತ್ತಾರೆ ಎಂದಳು. ಅವಳ ಮಾತು ಪರದೆಯ ಮೇಲೆ ಪೂರ್ತಿ ಮೂಡುವ ಮೊದಲೇ ನಾನು ಕೆಂಪು ಸೀಲು ಒತ್ತಿದ್ದೆ. ಕೈ ನನ್ನನ್ನು ಕೇಳಲಿಲ್ಲ. ಐದು ದುಡ್ಡು ಜಮೆಯಾಯಿತು. ಸಾಲಿನಲ್ಲಿ ಮುಂದಿನವನು ಬಂದು ನಿಂತ.

ಹುಡುಗ ಏನೂ ಹೇಳಲಿಲ್ಲ. ಹಿಂದಿನ ರಾತ್ರಿ ಅವನು ಗೆದ್ದದ್ದು ಹೀಗೆಯೇ.

ನಾನು ಕೆಲಸ ಮಾಡಿದ ಒಂದು ಕಚೇರಿಗೆ, ಊರು ಬೇಡ, ಇಂಥದ್ದೇ ಮಳೆಗಾಲದಲ್ಲಿ ಒಬ್ಬ ಮುದುಕಿ ಬರುತ್ತಿದ್ದಳು. ಮೊಣಕಾಲವರೆಗೆ ಒದ್ದೆ ಸೀರೆ, ಸಕ್ಕರೆಯ ಪ್ಲಾಸ್ಟಿಕ್ ಕೊಟ್ಟೆಯೊಳಗೆ ಮಡಚಿದ ಕಾಗದಗಳು. ವಿಧವಾ ವೇತನದ ಅರ್ಜಿ. ಪಡಿತರ ಚೀಟಿಯಲ್ಲಿ ಅವಳ ಹೆಸರು 'ಅಮ್ಮ' ಎಂದು ಮುಗಿಯುತ್ತಿತ್ತು, ಮತದಾರರ ಪಟ್ಟಿಯಲ್ಲಿ 'ಅವ್ವ' ಎಂದು. ಹೆಸರು ತಾಳೆಯಾಗದ ಕಾರಣ ಅರ್ಜಿಯನ್ನು ಮರಳಿಸಿದೆ ಎಂದು ನಾನು ಹಿಂಬರಹ ಬರೆದೆ. ನನ್ನ ಅಕ್ಷರ ದುಂಡಗೆ. ಮೂರು ಸಲ ಬಂದಳು, ಮೂರು ಹಿಂಬರಹ. ನಾಲ್ಕನೆಯ ಸಲ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಬರೆಯುವ ಅಂಕಣ ನಮ್ಮ ರಿಜಿಸ್ಟರಿನಲ್ಲಿ ಇರಲಿಲ್ಲ. ಆ ವರ್ಷ ತಪಾಸಣೆಗೆ ಬಂದವರು ನನ್ನ ರಿಜಿಸ್ಟರು ಮಾದರಿಯಾಗಿದೆ ಎಂದು ಷರಾ ಬರೆದರು.

ಅದನ್ನು ನಾನು ಮರೆತಿದ್ದೆ. ಸುಳ್ಳು, ಮರೆತಿರಲಿಲ್ಲ, ತೆಗೆದು ನೋಡಿರಲಿಲ್ಲ. ಯಾವುದೋ ದೇಶದ ಮೊಬೈಲ್ ಆಟ ಆ ಕಡತ ಎಳೆದು ಮೇಜಿನ ಮೇಲೆ ಇಟ್ಟಿತು.

ಅಟ್ಟದಿಂದ ಇಳಿದು ಜಗಲಿಯಲ್ಲಿ ಕೂತಾಗ ಹೊಳೆಯಿತು. ಇದು ನಾನು ಹೋದ ವರ್ಷ ನೋಡಿದ ಆಟವೇ! ಹರಿಶ್ಚಂದ್ರ ಕೊನೆಗೆ ಏನು? ಸುಡುಗಾಡಿನ ಗುಮಾಸ್ತ. ಯಜಮಾನ ವೀರಬಾಹು, ನಿಯಮ ಒಂದೇ: ಸುಂಕ ಕಟ್ಟದೆ ಹೆಣ ಸುಡುವಂತಿಲ್ಲ. ಚಂದ್ರಮತಿ ಮಗನ ಹೆಣ ಹೊತ್ತು ಬರುತ್ತಾಳೆ. ಅವಳು ಯಾರೆಂದು ತಿಳಿದ ಮೇಲೂ ಅವನು ಸುಂಕ ಕೇಳುತ್ತಾನೆ. ರಂಗದಲ್ಲಿ ಆ ಸನ್ನಿವೇಶ ಬರುವುದು ಬೆಳಗಿನ ಜಾವ, ಇಬ್ಬನಿ ಕಂಬಳಿಯೊಳಗೆ ಇಳಿದಿರುವಾಗ. ಭಾಗವತರು ಸ್ವರ ತಗ್ಗಿಸುತ್ತಾರೆ, ಚಂಡೆ ಸುಮ್ಮನಾಗುತ್ತದೆ, ಮದ್ದಲೆ ಮಾತ್ರ. ಚಿಕ್ಕವನಿದ್ದಾಗ ಸೂಡಿಯ ಬೆಳಕಿನಲ್ಲಿ ಮೂರು ಮೈಲಿ ನಡೆದು ಹೋಗಿ ನೋಡುತ್ತಿದ್ದ ಕಾಲದಿಂದ ಇಲ್ಲಿಯವರೆಗೆ ಒಬ್ಬ ಪ್ರೇಕ್ಷಕನೂ ಎದ್ದು ಇದರಲ್ಲಿ ಮಜಾ ಇಲ್ಲ ಎಂದದ್ದನ್ನು ನಾನು ಕೇಳಿಲ್ಲ. ಮಜಾ ಬೇಕೆಂದವರಿಗೆ ಭಸ್ಮಾಸುರನಿದ್ದ, ಕೀಚಕನಿದ್ದ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಕೀಚಕನಾಗಿ ಬಂದರೆ ಮಲಗಿದ್ದ ಅಜ್ಜಂದಿರೂ ಎದ್ದು ಕೂರುತ್ತಿದ್ದರು. ಆದರೆ ಕೀಚಕನನ್ನು ನೋಡಿ ಮನೆಗೆ ಹೊರಡುವಾಗ ಮೈ ಹಗುರ, ಹರಿಶ್ಚಂದ್ರ ನೋಡಿ ಹೊರಟರೆ ದಾರಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಎರಡಕ್ಕೂ ಜನ ಕಂಬಳಿ ಹೊತ್ತು ಬರುತ್ತಿದ್ದರು.

ನನ್ನ ತಪ್ಪು ಎಲ್ಲಿತ್ತೆಂದು ಆಗ ತಿಳಿಯಿತು. ನಮ್ಮ ಬೇಜಾರು ಎಂಬ ಮಾತಿಗೆ ಎರಡು ಬಾಗಿಲು. ಸಾವಿನ ಮನೆಗೆ ಹೋಗಿ ಬಂದರೂ ಬೇಜಾರು, ಮಂತ್ರಿಗಳ ಭಾಷಣ ಕೇಳಿದರೂ ಬೇಜಾರು. ಹುಡುಗ ಹೇಳಿದ್ದು ಮೊದಲನೆಯದು, ನಾನು ಬೈದದ್ದು ಎರಡನೆಯದಕ್ಕೆ. ಎರಡನೆಯ ಬಗೆಯ ಆಟಗಳೂ ಇವೆ. ಅವನು ಇನ್ನೊಂದು ತೋರಿಸಿದ್ದ, ಬಹಳ ದೊಡ್ಡ ಕಲೆಯಂತೆ. ಅದರಲ್ಲಿ ಒಬ್ಬಾತ ಖಾಲಿ ಮನೆಯೊಳಗೆ ನಡೆಯುತ್ತಾನೆ, ಬಾಗಿಲು ತೆಗೆಯುತ್ತಾನೆ, ಮತ್ತೆ ನಡೆಯುತ್ತಾನೆ. ನಾನು ಎರಡನೇ ಬಾಗಿಲಿಗೆ ನಿದ್ದೆ ಹೋದೆ. ದುಃಖ ಕೊಟ್ಟ ಮಾತ್ರಕ್ಕೆ ದೊಡ್ಡದು ಎನ್ನುವವರ ಪಂಗಡಕ್ಕೆ ನನ್ನನ್ನು ಸೇರಿಸಬೇಡಿ.

ಹರಿಶ್ಚಂದ್ರನ ಕತೆ ಕಟ್ಟಿದವರಿಗೆ ಇದು ಗೊತ್ತಿತ್ತು. ಅದಕ್ಕೇ ಅಲ್ಲಿ ನಕ್ಷತ್ರಿಕನಿದ್ದಾನೆ. ಸಾಲ ವಸೂಲಿಗೆಂದು ವಿಶ್ವಾಮಿತ್ರ ಬೆನ್ನಿಗೆ ಬಿಟ್ಟವನು. ಕಾಲು ನೋವು ಎನ್ನುತ್ತಾನೆ, ಹಸಿವು ಎನ್ನುತ್ತಾನೆ, ಹೊತ್ತುಕೊಂಡು ಹೋಗು ಎನ್ನುತ್ತಾನೆ. ರಾಜ ರಾಜ್ಯ ಕಳೆದುಕೊಂಡು ಕಾಡಿನಲ್ಲಿ ನಡೆಯುತ್ತಿರುವಾಗ ನಾವು ಬಿದ್ದು ಬಿದ್ದು ನಗುತ್ತೇವೆ. 1965ರ 'ಸತ್ಯ ಹರಿಶ್ಚಂದ್ರ' ಚಿತ್ರದಲ್ಲಿ ರಾಜಕುಮಾರರ ಹಿಂದೆ ಬಿದ್ದ ನರಸಿಂಹರಾಜು ಅವರನ್ನು ಯಾರು ಮರೆಯುತ್ತಾರೆ? ನಗಿಸಿ ಎದೆಯ ಅಗಳಿ ಸಡಿಲಿಸಿದ ಮೇಲೆಯೇ ಸುಡುಗಾಡು ಒಳಗೆ ಬರುವುದು.

ಲ್ಯೂಕಸ್ ಪೋಪನ ಆಟದಲ್ಲೂ ಒಬ್ಬ ನಕ್ಷತ್ರಿಕನಿದ್ದಾನೆ! ಜಾರ್ಜಿ ಎಂದು ಹೆಸರು. ಮೊದಲ ಸಲ ಕಾಗದವೇ ಇಲ್ಲದೆ ಬರುತ್ತಾನೆ. ಎರಡನೆಯ ಸಲ ಮಕ್ಕಳ ಬಣ್ಣದ ಕಡ್ಡಿಯಲ್ಲಿ ತಾನೇ ಬರೆದ ಪಾಸ್‌ಪೋರ್ಟು, ಕೋಬ್ರಸ್ತಾನ್ ಎಂಬ ತಾನೇ ಹುಟ್ಟಿಸಿದ ದೇಶದ್ದು. ಕೆಂಪು ಸೀಲು ಒತ್ತಿದರೆ ಬೇಸರವಿಲ್ಲ, ಮತ್ತೆ ಬರುತ್ತೇನೆ ಎಂದು ನಗುತ್ತಲೇ ಹೋಗುತ್ತಾನೆ. ನಾನೂ ನಕ್ಕೆ. ನಕ್ಕದ್ದಕ್ಕೇ ಇರಬೇಕು, ಮುಂದೆ ಬಂದ ಆ ಹೆಂಗಸು ನೇರವಾಗಿ ಒಳಗಿಳಿದಳು.

ನನ್ನ ತೀರ್ಪನ್ನು ರಾತ್ರಿ ಊಟಕ್ಕೆ ಕೂತಾಗ ಪ್ರಕಟಿಸಿದೆ. ಆಟಕ್ಕೆ ಮಜಾ ಬೇಕಿಲ್ಲ. ಒಬ್ಬ ನಕ್ಷತ್ರಿಕ ಬೇಕು.

"ಹಾಗಾದ್ರೆ ದೊಡ್ಡಮ್ಮನ ಆಟ?" ಎಂದ ಹುಡುಗ.

ನನ್ನಾಕೆ ಮಿಠಾಯಿ ಜೋಡಿಸುವ ಆಟ ಆಡುತ್ತಾಳೆ. ಒಂದೇ ಬಣ್ಣದ ಮೂರು ಸಾಲಾಗಿ ಬಂದರೆ ಒಡೆದುಹೋಗುತ್ತವೆ. 2012ರಿಂದ ಜಗತ್ತೇ ಒಡೆಯುತ್ತಿದೆ. ಅವಳು ಮೂರು ಸಾವಿರ ಮೆಟ್ಟಿಲು ದಾಟಿದ್ದಾಳೆ. ಅಷ್ಟೊಂದು ಖುಷಿಯಾ ಎಂದು ಕೇಳಿದೆ.

"ಖುಷಿ ಎಂತದು? ಕೈ ಸುಮ್ನಿರ್ಬೇಕಲ್ಲ. ಅತ್ತೆ ಹೂಬತ್ತಿ ಹೊಸೀತಿದ್ರು, ನಾನು ಇದನ್ನ ಮಾಡ್ತೀನಿ."

ನನ್ನ ತೀರ್ಪಿನಲ್ಲಿ ಹೂಬತ್ತಿಗೆ ಜಾಗವಿರಲಿಲ್ಲ. ಲಕ್ಷಬತ್ತಿಗೆಂದು ದಿನಗಟ್ಟಲೆ ಹತ್ತಿ ಹೊಸೆಯುತ್ತಿದ್ದ ಅಮ್ಮನನ್ನು ಮಜಾ ಬರುತ್ತಿದೆಯೇ ಎಂದು ನಾವು ಯಾರೂ ಕೇಳಲಿಲ್ಲ. ಅಲ್ಲಿ ನಕ್ಷತ್ರಿಕನೂ ಇರಲಿಲ್ಲ. ಅಷ್ಟೇಕೆ, ಆಟಗಳ ವಿಷಯ ಕೋರ್ಟು ಮೆಟ್ಟಿಲೇರಿದಾಗಲೂ ಮಜಾ ಎಂಬ ಮಾತು ಲೆಕ್ಕಕ್ಕೆ ಬರಲಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಮ್ಮ ರಾಜ್ಯ 2021ರಲ್ಲಿ ನಿಷೇಧಿಸಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ನಿಷೇಧವನ್ನು ತಳ್ಳಿಹಾಕಿತು, 2025ರಲ್ಲಿ ಸಂಸತ್ತು ದೇಶಕ್ಕೇ ನಿಷೇಧದ ಕಾಯ್ದೆ ತಂದಿತು. ಹೈಕೋರ್ಟಿನಲ್ಲಿ ವಾದ ನಡೆದದ್ದು ಕೌಶಲವೋ ಅದೃಷ್ಟವೋ ಎಂಬುದರ ಮೇಲೆ. ಮಜಾ ಹೇರಳವಾಗಿದ್ದದ್ದು ಆ ಆಟಗಳಲ್ಲೇ, ಮನೆ ಮುಳುಗಿಸಿದ್ದೂ ಅವೇ.

ಶ್ರಾವಣ ಬಂತು, ಬಿಸಿಲು ಒಂದೆರಡು ದಿನ ಇಣುಕಿತು, ಹುಡುಗ ಗಂಟು ಕಟ್ಟಿದ. ಹೋಗುವ ಮೊದಲು ನನ್ನ ಮೊಬೈಲಿಗೂ ಆ ಗುಮಾಸ್ತನ ಆಟ ಹಾಕಿಕೊಟ್ಟ. ಮೊದಲಿನಿಂದ ಆಡಿ ಆ ಹೆಂಗಸನ್ನು ಒಳಗೆ ಬಿಟ್ಟೆ. ನೋಟೀಸು ಬಂತು. ಮೂವತ್ತೆಂಟು ವರ್ಷದ ಸೇವೆಯಲ್ಲಿ ಬಾರದ್ದು.

ದೀಪಾವಳಿ ಕಳೆದು ಮೇಳಗಳ ತಿರುಗಾಟ ಶುರುವಾದ ಮೇಲೆ ಈ ಸಲವೂ ಊರಲ್ಲಿ ಆಟ ಆಡಿಸುತ್ತಿದ್ದೇವೆ. ಪ್ರಸಂಗ ಹರಿಶ್ಚಂದ್ರ. ನೀವೂ ಬನ್ನಿ. ರಾತ್ರಿಯ ಊಟ, ನಡುವೆ ಒಂದು ಚಹಾ ನಮ್ಮ ಮನೆಯಲ್ಲಿ. ಕಂಬಳಿ ಮಾತ್ರ ನೀವೇ ತರಬೇಕು, ನಮ್ಮಲ್ಲಿ ಇರುವುದು ಎರಡೇ.